ಡ್ರಮ್ಮೂ ಹಾಡುತ್ತದೆ: ಮ್ಯಾಕ್ಸ್ ರೋಚ್ ಬಾರಿಸಿದ್ದು, ಕಲಿಸಿದ್ದು

ಕೂತಲ್ಲಿಂದಲೇ ಒಂದು ಕೆಲಸ ಮಾಡಿ. ಬಲಗಾಲಿನಿಂದ ನೆಲಕ್ಕೆ ಒಂದು ತಟ್ಟು, ಎಡಗಾಲಿನಿಂದ ಎರಡು. ಬಲ, ಎಡ, ಎಡ. ಬಲ, ಎಡ, ಎಡ. ನಮ್ಮ ಲೆಕ್ಕದಲ್ಲಿ ತಕಿಟ, ತಕಿಟ. ಕಾಲು ನಿಲ್ಲಿಸದೆ ಈಗ ಎರಡೂ ಕೈಯಿಂದ ತೊಡೆಯ ಮೇಲೆ ಮನಸ್ಸಿಗೆ ಬಂದದ್ದನ್ನು ಬಾರಿಸಿ. ಬಹಳ ಜನರ ಎಡಗಾಲು ಆಗಲೇ ಕೈಯ ಬೆನ್ನು ಹತ್ತಿ ಹೊರಟಿರುತ್ತದೆ. ಗಾಬರಿ ಬೇಡ, ಅದು ಯಾಕೆ ಹಾಗಾಗುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

1966ರಲ್ಲಿ ಅಟ್ಲಾಂಟಿಕ್ ಕಂಪನಿ ಹೊರತಂದ ‘ಡ್ರಮ್ಸ್ ಅನ್‌ಲಿಮಿಟೆಡ್’ ಎಂಬ ಎಲ್ಪಿಯ ಮೊದಲ ತುಣುಕು ನಿಂತಿರುವುದೇ ಈ ಮೂರು ತಟ್ಟಿನ ಮೇಲೆ. ಪಿಯಾನೋ ಇಲ್ಲ, ತುತ್ತೂರಿ ಇಲ್ಲ, ಬೇಸ್ ಇಲ್ಲ. ಒಬ್ಬ ಮನುಷ್ಯ (ಅಮೆರಿಕದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್), ಒಂದು ಡ್ರಮ್ ಸೆಟ್, ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತು. ಹೆಸರು ‘ದ ಡ್ರಮ್ ಆಲ್ಸೋ ವಾಲ್ಟ್ಜಸ್’. ಕನ್ನಡದಲ್ಲಿ ಹೇಳುವುದಾದರೆ, ಡ್ರಮ್ಮೂ ವಾಲ್ಟ್ಜ್, ಅಂದರೆ ಮೂರರ ಎಣಿಕೆಯ ಯುರೋಪಿನ ಕುಣಿತ, ಕುಣಿಯುತ್ತದೆ. ಆ ‘ಡ್ರಮ್ಮೂ’ ಎಂಬಲ್ಲಿನ ‘ಊ’ವನ್ನು ಹಿಡಿದುಕೊಳ್ಳಿ. ಡ್ರಮ್ಮೂ ಹಾಡಬಲ್ಲದು, ಡ್ರಮ್ಮಿಗೂ ವಿಷಯವಿದೆ, ಡ್ರಮ್ಮರ್‌ಗೂ ವಿಶ್ವವಿದ್ಯಾಲಯದಲ್ಲಿ ಕುರ್ಚಿ ಬೇಕು. ಮ್ಯಾಕ್ಸ್ ರೋಚ್ ಅವರ ಅರ್ಧ ಶತಮಾನದ ವೃತ್ತಿಯನ್ನು ಆ ಒಂದು ಅಕ್ಷರದ ಜಗಳ ಎಂದೇ ನಾನು ಓದುತ್ತೇನೆ.

ರೋಚ್ ಹುಟ್ಟಿದ್ದು 1924ರ ಜನವರಿಯಲ್ಲಿ, ನಾರ್ತ್ ಕೆರೊಲಿನಾದಲ್ಲಿ. ನಾಲ್ಕರ ವಯಸ್ಸಿಗೆ ಮನೆಯವರೊಂದಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದರು. ತಾಯಿ ಗಾಸ್ಪೆಲ್, ಅಂದರೆ ಕರಿಯರ ಚರ್ಚಿನ ಭಕ್ತಿಗೀತೆ, ಹಾಡುತ್ತಿದ್ದವರು. ಹುಡುಗ ಹತ್ತರ ಹೊತ್ತಿಗೆ ಗಾಸ್ಪೆಲ್ ತಂಡಗಳಲ್ಲಿ ಡ್ರಮ್ ಬಾರಿಸುತ್ತಿದ್ದ. ಹದಿನೆಂಟಕ್ಕೆ ಡ್ಯೂಕ್ ಎಲಿಂಗ್ಟನ್ ಆರ್ಕೆಸ್ಟ್ರಾದ ಸನ್ನಿ ಗ್ರೀರ್ ಬರಲಾಗದ ದಿನಗಳಲ್ಲಿ ಅವರ ಜಾಗದಲ್ಲಿ ಕೂತಾಗಿತ್ತು. ಅಷ್ಟರಲ್ಲಿ ಹಾರ್ಲೆಮ್‌ನ ಕ್ಲಬ್ಬುಗಳಲ್ಲಿ ಡ್ರಮ್ಮಿನ ಕೆಲಸದ ಹಂಚಿಕೆಯೇ ಬದಲಾಗತೊಡಗಿತ್ತು. ಬದಲಾಯಿಸಿದವರು ರೋಚ್ ಅಲ್ಲ, ಅವರಿಗಿಂತ ಹತ್ತು ವರ್ಷ ಹಿರಿಯರಾದ ಕೆನ್ನಿ ಕ್ಲಾರ್ಕ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಅದಕ್ಕೆ ಮುಂಚಿನ ಸ್ವಿಂಗ್ ಬ್ಯಾಂಡುಗಳಲ್ಲಿ ತಾಳ ಹಿಡಿಯುವ ಕೆಲಸ ಬಲಗಾಲಿನದ್ದು. ಒಂದು ಬಾರ್‌ಗೆ, ನಮ್ಮ ಆವರ್ತದಂಥ ಅಳತೆಗೆ, ನಾಲ್ಕು ಬೀಟು; ನಾಲ್ಕಕ್ಕೂ ಪೆಡಲ್ಲಿನಿಂದ ಬೇಸ್ ಡ್ರಮ್ಮಿನ ಮೇಲೆ ಗುದ್ದು. ಆ ಡ್ರಮ್ಮೂ ದೊಡ್ಡದು, 24 ಇಂಚು, 26 ಇಂಚು, ಕೆಲವೊಮ್ಮೆ 28. ಹದಿನೈದು ಜನರ ಬ್ಯಾಂಡಿಗೆ, ಕುಣಿಯುವ ಹಾಲ್‌ಗೆ ಅದು ಸರಿ. ಐದು ಜನರ ಸಣ್ಣ ತಂಡ ಅದೇ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸತೊಡಗಿದಾಗ ಎರಡು ತೊಂದರೆ ಬಂದವು. ಒಂದು, ಕಾಲು ಸೋಲುತ್ತದೆ. ಎರಡು, ಬೇಸ್ ವಾದ್ಯದ ತಗ್ಗು ಸ್ವರಗಳೂ ದೊಡ್ಡ ಡ್ರಮ್ಮಿನ ಗುದ್ದೂ ಒಂದೇ ಜಾಗದಲ್ಲಿ ಗುದ್ದಾಡಿಕೊಂಡು ಯಾವ ಸ್ವರ ಎಂದೇ ಕೇಳದಂತಾಗುತ್ತದೆ. ಕ್ಲಾರ್ಕ್ ತಾಳವನ್ನು ಕಾಲಿನಿಂದ ಕಿತ್ತು ಬಲಗೈಗೆ, ರೈಡ್ ಸಿಂಬಲ್ ಎಂಬ ದೊಡ್ಡ ಕಂಚಿನ ತಟ್ಟೆಯ ಮೇಲೆ ತಂದಿಟ್ಟರು. ಬಲಗಾಲಿಗೂ ಎಡಗೈಗೂ ಬಿಡುವು ಸಿಕ್ಕಿತು. ಹಾಗೆ ಸಿಕ್ಕ ಬಿಡುವಿನಲ್ಲಿ, ಯಾರೂ ನಿರೀಕ್ಷಿಸದ ಜಾಗದಲ್ಲಿ ಬೇಸ್ ಡ್ರಮ್ಮಿನ ಒಂದೊಂದು ಏಟು ಹಾಕುವುದಕ್ಕೆ ಆ ಕಾಲದ ಡ್ರಮ್ಮರ್‌ಗಳು ‘ಬಾಂಬ್ ಹಾಕುವುದು’ ಎನ್ನುತ್ತಿದ್ದರು. ಯುದ್ಧದ ವರ್ಷಗಳು ನೋಡಿ.

ರೈಡ್ ಸಿಂಬಲ್ ಮೇಲಿನ ಆ ನಡೆ ಹೀಗೆ: ಡಿಂಗ್, ಡಿಂಗ್-ಗ, ಡಿಂಗ್, ಡಿಂಗ್-ಗ. ನಾಲ್ಕು ಬೀಟಿಗೆ ಆರು ಹೊಡೆತ. ನಿಧಾನ ಕಾಲದಲ್ಲಿ ಆ ‘ಗ’ ಬೀಟನ್ನು ಮೂರಾಗಿ ಒಡೆದರೆ ಬರುವ ಮೂರನೆಯ ತುಂಡಿನ ಮೇಲೆ ಬೀಳುತ್ತದೆ, ಅಂದರೆ ತಿಶ್ರದ ವಾಸನೆ. ಎಡಗಾಲು ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಹೈ-ಹ್ಯಾಟನ್ನು, ಅಂದರೆ ಕಂಬದ ಮೇಲೆ ಎದುರುಬದುರಾಗಿ ಕೂತ ಜೋಡಿ ಸಿಂಬಲ್ಲನ್ನು, ‘ಚಿಕ್’ ಎಂದು ಮುಚ್ಚುತ್ತದೆ. ಹೊಸಬರು ಎಡವುವುದು ವೇಗ ಏರಿದಾಗ. ನಿಮಿಷಕ್ಕೆ 300 ಬೀಟಿನ ಹೊತ್ತಿಗೆ ಸೆಕೆಂಡಿಗೆ ಏಳೂವರೆ ಹೊಡೆತ ಬೀಳಬೇಕು. ಅಲ್ಲಿಯೂ ತಿಶ್ರದ ಲೆಕ್ಕವನ್ನೇ ಹಿಡಿದು ಕೂತರೆ ಮಣಿಕಟ್ಟು ಬಿಗಿಯಾಗಿ ಎರಡು ನಿಮಿಷದಲ್ಲಿ ಕೈ ಕಟ್ಟಿಹೋಗುತ್ತದೆ. ಆ ವೇಗದಲ್ಲಿ ‘ಗ’ ಮತ್ತು ಅದರ ಮುಂದಿನ ‘ಡಿಂಗ್’ ಎರಡೂ ಒಂದೇ ಬೀಸಿನಲ್ಲಿ, ಕಡ್ಡಿ ತಾನೇ ಪುಟಿಯುವುದನ್ನು ಬೆರಳಲ್ಲಿ ಹಿಡಿದು ಬಿಟ್ಟು ಬರಬೇಕು. ಅಂತರ ಹೆಚ್ಚೂಕಡಿಮೆ ಸಮಸಮ ಆಗಿಬಿಡುತ್ತದೆ.

1943ರಲ್ಲಿ ಕ್ಲಾರ್ಕ್ ಸೈನ್ಯಕ್ಕೆ ಹೋಗಬೇಕಾಯಿತು. ರೋಚ್ ಉಳಿದರು. 1945ರ ನವೆಂಬರ್ 26ರಂದು ಸವಾಯ್ ಕಂಪನಿಗಾಗಿ ಸ್ಯಾಕ್ಸೋಫೋನ್‌ನ ಚಾರ್ಲಿ ಪಾರ್ಕರ್ ಧ್ವನಿಮುದ್ರಿಸಿದ ‘ಕೋ-ಕೋ’ ಕೇಳಿ. ವೇಗ ನಾನು ಈಗ ಹೇಳಿದ 300ರ ಆಸುಪಾಸು. ಹಾಡಿನ ಒಂದು ಸುತ್ತಿಗೆ 64 ಬಾರ್. ಪಾರ್ಕರ್ ಎರಡು ಸುತ್ತು ಉಸಿರು ಬಿಡದೆ ನುಡಿಸುತ್ತಾರೆ, ಆಮೇಲೆ ಇಪ್ಪತ್ತೊಂದು ವರ್ಷದ ರೋಚ್ ಒಬ್ಬರೇ. ಎಲ್ಲರೂ ಪಾರ್ಕರನ್ನು ಕೇಳುತ್ತಾರೆ, ಅದು ನ್ಯಾಯವೇ. ಮೂರನೆಯ ಸಲ ಕೇಳುವಾಗ ಮಾತ್ರ ಸ್ಯಾಕ್ಸೋಫೋನನ್ನು ಬಿಟ್ಟು ಎಡಗೈಯ ಸ್ನೇರನ್ನು, ಅಂದರೆ ಅಡಿಯಲ್ಲಿ ತಂತಿ ಕಟ್ಟಿದ ಡ್ರಮ್ಮನ್ನು, ಹಿಂಬಾಲಿಸಿ. ಪಾರ್ಕರ್ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ರೋಚ್ ಮಾತು ಸೇರಿಸುತ್ತಾರೆ.

ಇಲ್ಲಿ ನಮ್ಮ ಕಿವಿಗೆ ಒಂದು ಎಚ್ಚರಿಕೆ ಹೇಳಬೇಕು. ಡ್ರಮ್ ಸೋಲೋ ಎಂದಕೂಡಲೇ ನಮಗೆ ತನಿ ಆವರ್ತನ ನೆನಪಾಗುತ್ತದೆ. ಹೋಲಿಕೆ ಅರ್ಧ ಮಾತ್ರ ಸರಿ. ತನಿಯಲ್ಲಿ ಮೃದಂಗದವರು ತಾಳಕ್ಕೆ ಬದ್ಧರು; ಹಾಡಿದ ಕೃತಿಯ ಪಲ್ಲವಿ, ಅನುಪಲ್ಲವಿ, ಚರಣದ ಅಳತೆಗೆ ಅಲ್ಲ. ಎಷ್ಟು ಆವರ್ತವಾದರೂ ಆಗಲಿ, ಮೋಹರಾ ಹಾಕಿ, ಕೋರ್ವೆ ಮೂರು ಸಲ ಹೇಳಿ ಹಾಡಿನ ಎತ್ತುಗಡೆಗೆ ತಂದು ಬಿಟ್ಟರೆ ಕೆಲಸ ಆಯಿತು. ರೋಚ್ ಪದ್ಧತಿಯಲ್ಲಿ ಹಾಗಲ್ಲ. ಹಾಡು 32 ಬಾರಿನದ್ದಾದರೆ, ಎಂಟೆಂಟು ಬಾರಿನ ನಾಲ್ಕು ಸಾಲು ಎನ್ನಿ, ಮೊದಲೆರಡು ಸಾಲು ಒಂದೇ ಧಾಟಿ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನದ್ದು. ಸೋಲೋ ಹೊಡೆಯುವಾಗಲೂ ಆ ನಾಲ್ಕು ಸಾಲು ಒಳಗೆ ಓಡುತ್ತಲೇ ಇರಬೇಕು. ಮೂರನೆಯ ಸಾಲಿಗೆ ಬಂದಾಗ ಡ್ರಮ್ಮಿನ ಬಣ್ಣವೂ ಬದಲಾಗಬೇಕು. ಸ್ನೇರಿನಿಂದ ಟಾಮ್‌ಗೆ (ತಂತಿಯಿಲ್ಲದ ಡ್ರಮ್), ಟಾಮ್‌ನಿಂದ ಸಿಂಬಲ್‌ಗೆ. ನಿಮಿಷಕ್ಕೆ 240ರ ವೇಗದಲ್ಲಿ ಒಂದು ಸುತ್ತು ಮುಗಿಯಲು 32 ಸೆಕೆಂಡು. ಅದು ಮುಗಿದ ಮರುಕ್ಷಣ ಬ್ಯಾಂಡು ಒಳಗೆ ಬರುತ್ತದೆ, ನೀವು ತಲೆಯಾಡಿಸಿ ಕರೆಯಬೇಕಾಗಿಲ್ಲ.

ತಪ್ಪುವುದು ಹೆಚ್ಚಾಗಿ ಆ ಮೂರನೆಯ ಸಾಲಿನಲ್ಲೇ. ಡ್ರಮ್ಮರ್ ಐದು ಐದಾಗಿ, ಮೂರು ಮೂರಾಗಿ ಗುಂಪು ಕಟ್ಟಿ ಬಾರ್ ಗೆರೆ ದಾಟುತ್ತಾ ಹೋಗುತ್ತಾನೆ, ದಾಟಿದ್ದು ಎಷ್ಟು ಎಂಬುದು ಮರೆಯುತ್ತದೆ, ಒಂದು ಬೀಟು ಜಾಸ್ತಿಯೋ ಕಡಿಮೆಯೋ ಆಗುತ್ತದೆ. ಬೆರಳೆಣಿಕೆಯಿಂದ ಇದು ಸರಿಹೋಗುವುದಿಲ್ಲ, ಆ ವೇಗದಲ್ಲಿ ಎಣಿಕೆಯೇ ಕೈಯನ್ನು ಕಟ್ಟಿಹಾಕುತ್ತದೆ. ಇರುವ ಮದ್ದು ಒಂದೇ, ಬಾರಿಸುತ್ತಾ ಮೂಲ ಹಾಡನ್ನು ಬಾಯಲ್ಲಿ ಗುನುಗುವುದು. ಮೊದಲು ಜೋರಾಗಿ, ಆಮೇಲೆ ಮನಸ್ಸಿನಲ್ಲಿ. ಹಾಡಿನ ಸಾಹಿತ್ಯ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಪದ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಸಂಖ್ಯೆ ತಪ್ಪಿದರೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಕೈಯಲ್ಲಿದ್ದೂ ರೋಚ್ 1950ರ ಸುಮಾರಿಗೆ ವಿದ್ಯಾರ್ಥಿಯಾಗಿ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್ ಸೇರಿದರು. ತಾಳವಾದ್ಯದ ತರಗತಿಯಲ್ಲಿ ಮೇಷ್ಟ್ರು ಏನಾದರೂ ಬಾರಿಸಿ ತೋರಿಸು ಎಂದರಂತೆ, ಬಾರಿಸಿದ ಮೇಲೆ ನಿನ್ನ ಕೈಯ ಹಿಡಿತವೇ ತಪ್ಪು ಎಂದರಂತೆ. ಸಿಂಫನಿ ಆರ್ಕೆಸ್ಟ್ರಾದ ಲೆಕ್ಕದಲ್ಲಿ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಕೇಳಿದ್ದರೆ 52ನೇ ಬೀದಿಯ ಕ್ಲಬ್ಬುಗಳಲ್ಲಿ ತನಗೆ ಕೆಲಸವೇ ಇರುತ್ತಿರಲಿಲ್ಲ ಎಂದು ರೋಚ್ ಮುಂದೆ ಹೇಳಿಕೊಂಡಿದ್ದಾರೆ. ತಾಳವಾದ್ಯ ಬಿಟ್ಟು ಸಂಗೀತ ರಚನೆಯ ವಿಭಾಗಕ್ಕೆ ಹೋದರು. ಇದು ಬರೀ ಜಗಳದ ಕಥೆಯಲ್ಲ. ರಚನೆ ಕಲಿತದ್ದರಿಂದಲೇ ಮುಂದಿನ ಡ್ರಮ್ ತುಣುಕುಗಳಿಗೆ ಎಲುಬು ಬಂತು ಎಂಬುದು ನನ್ನ ಅಂದಾಜು.

1952ರಲ್ಲಿ ಬೇಸ್ ವಾದ್ಯದ ಚಾರ್ಲ್ಸ್ ಮಿಂಗಸ್ ಜೊತೆ ಸೇರಿ ‘ಡೆಬ್ಯೂ’ ಎಂಬ ಸ್ವಂತ ರೆಕಾರ್ಡ್ ಕಂಪನಿ. 1954ರಲ್ಲಿ ಟ್ರಂಪೆಟ್‌ನ ಕ್ಲಿಫರ್ಡ್ ಬ್ರೌನ್ ಜೊತೆ ಐವರ ತಂಡ. ಆ ತಂಡದ ಆಯುಸ್ಸು ಎರಡು ವರ್ಷ. 1956ರ ಜೂನ್ 22ರಂದು ತಂಡದ ಸ್ಯಾಕ್ಸೋಫೋನ್‌ಗಾರ ಸನ್ನಿ ರೋಲಿನ್ಸ್ ತಮ್ಮ ಹೆಸರಿನಲ್ಲಿ ‘ಸ್ಯಾಕ್ಸೋಫೋನ್ ಕೊಲೊಸಸ್’ ಧ್ವನಿಮುದ್ರಿಸಿದರು, ಡ್ರಮ್ಮಿಗೆ ರೋಚ್. ಅದರಲ್ಲಿ ‘ಬ್ಲೂ 7’ ಎಂಬ ಹನ್ನೊಂದು ನಿಮಿಷದ ಬ್ಲೂಸ್ ಇದೆ. ರೋಚ್ ತಮ್ಮ ಸೋಲೋವನ್ನು ಒಂದೆರಡು ಚಿಕ್ಕ ಸೊಲ್ಲುಗಳಿಂದಲೇ ಕಟ್ಟುತ್ತಾರೆ. ಮೂರು ಹೊಡೆತದ ಒಂದು ಗೊಂಚಲು, ಸ್ನೇರಿನ ಒಂದು ಉರುಳು. ಅದನ್ನೇ ಹಿಂದೆಮುಂದೆ ಮಾಡಿ, ಸ್ಥಳ ಬದಲಾಯಿಸಿ, ನಡುವೆ ಜಾಗ ಬಿಟ್ಟು. ಹೊಸ ಸರಕು ತಂದು ಸುರಿಯುವುದಿಲ್ಲ. ನಾಲ್ಕು ದಿನಕ್ಕೆ, ಜೂನ್ 26ರ ರಾತ್ರಿ, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಬ್ರೌನ್ ಮತ್ತು ಪಿಯಾನೋದ ರಿಚಿ ಪವೆಲ್, ಪವೆಲರ ಹೆಂಡತಿ ನ್ಯಾನ್ಸಿ ಮೂವರೂ ತೀರಿಕೊಂಡರು. ಬ್ರೌನ್‌ಗೆ 25. ರೋಚ್ ಬಹಳ ಕಾಲ ಕುಡಿತದಲ್ಲೂ ಖಿನ್ನತೆಯಲ್ಲೂ ಇದ್ದರು.

ಮತ್ತೆ ಎದ್ದ ಮೇಲೆ ಕೈ ಹಾಕಿದ್ದು ತಾಳದ ಎಣಿಕೆಗೆ. ಜಾಝ್ ಎಂದರೆ ನಾಲ್ಕು ಎಂಬುದು ಆಗ ಗಾದೆಯಂತಿತ್ತು. 1957ರಲ್ಲಿ ಒಂದಿಡೀ ಎಲ್ಪಿಯನ್ನು ಮೂರರ ಎಣಿಕೆಯಲ್ಲಿ ಮಾಡಿದರು, ಆಮೇಲೆ ಐದಕ್ಕೆ ಹೋದರು. ಖಂಡ ನಡೆಯಲ್ಲಿ ಬೆಳೆದ ನಮಗೆ ಇದರಲ್ಲೇನು ಮಹಾ ಅನ್ನಿಸಬಹುದು. ಕಷ್ಟ ಐದನ್ನು ಎಣಿಸುವುದರಲ್ಲಿ ಅಲ್ಲ, ಐದರಲ್ಲೂ ಆ ರೈಡ್ ಸಿಂಬಲ್ಲಿನ ತೂಗಾಟ ಉಳಿಸಿಕೊಳ್ಳುವುದರಲ್ಲಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಟಿ.ಎ.ಎಸ್. ಮಣಿ ಮತ್ತು ರಮಾಮಣಿ, ಸ್ಯಾಕ್ಸೋಫೋನ್‌ನ ಚಾರ್ಲಿ ಮರಿಯಾನೋ ಜೊತೆ ಮಾಡಿದ 1983ರ ‘ಜ್ಯೋತಿ’ ಕೇಳಿದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿರುತ್ತದೆ: ಅಲ್ಲಿ ಲೆಕ್ಕ ನಮ್ಮದು, ಅದರೊಳಗೆ ತನ್ನ ಉಸಿರು ಹುಡುಕಿಕೊಳ್ಳಬೇಕಾದವನು ಜಾಝ್‌ನವನು.

ರೋಚ್‌ಗೆ ಎಣಿಕೆ ಬರೀ ಲೆಕ್ಕವಾಗಿರಲಿಲ್ಲ. 1960ರ ‘ವಿ ಇನ್ಸಿಸ್ಟ್! ಫ್ರೀಡಂ ನೌ ಸೂಟ್’ನ ಮೊದಲ ಹಾಡು ಗುಲಾಮರನ್ನು ದುಡಿಸುವ ಮೇಸ್ತ್ರಿಯ ಮೇಲೆ. ಐದರ ಎಣಿಕೆ, ಪ್ರತಿ ಬಾರಿನ ಸಮದ ಮೇಲೆ ಸ್ನೇರಿನ ರಿಮ್‌ಶಾಟ್. ಕಡ್ಡಿ ಚರ್ಮಕ್ಕೂ ಅಂಚಿನ ಲೋಹಕ್ಕೂ ಒಂದೇ ಕ್ಷಣ ತಾಗಿದರೆ ಬರುವ ಚಟೀರ್ ಸದ್ದು ಅದು. ಚಾಟಿ ಎಂದು ಯಾರೂ ವಿವರಿಸಬೇಕಾಗಿಲ್ಲ. ಐದು ಇಲ್ಲಿ ಯಾಕೆ ಬೇಕಾಯಿತು ಎಂದರೆ, ನಾಲ್ಕಾಗಿದ್ದರೆ ಮೈ ಆ ಏಟಿಗೆ ಒಗ್ಗಿ ಕುಣಿಯತೊಡಗುತ್ತಿತ್ತು. ಅದೇ ಎಲ್ಪಿಯ ನಡುವೆ ಗಾಯಕಿ ಆ್ಯಬಿ ಲಿಂಕನ್ ಮತ್ತು ರೋಚ್ ಇಬ್ಬರೇ ಇರುವ ಮೂರು ಭಾಗದ ತುಣುಕಿದೆ; ಎರಡನೆಯ ಭಾಗದಲ್ಲಿ ಲಿಂಕನ್ ಹಾಡುವುದಿಲ್ಲ, ಚೀರುತ್ತಾರೆ. ಮನೆಯಲ್ಲಿ ಕೇಳುವುದಾದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.

ಈಗ ಬಲ, ಎಡ, ಎಡಕ್ಕೆ ಬರೋಣ. ಮೊದಲು ವಾದ್ಯ. ಇಂದಿಗೂ ಅಂಗಡಿಯಲ್ಲಿ ಬಾಪ್ ಕಿಟ್ (ಪಾರ್ಕರ್, ರೋಚ್ ಅವರ ಆ ವೇಗದ ಜಾಝ್‌ಗೆ ಬಾಪ್ ಎನ್ನುತ್ತಾರೆ) ಎಂದು ಕೇಳಿದರೆ ಕೊಡುವುದು 18 ಅಥವಾ 20 ಇಂಚಿನ ಬೇಸ್ ಡ್ರಮ್, 12 ಇಂಚಿನ ಟಾಮ್, 14 ಇಂಚಿನ ಫ್ಲೋರ್ ಟಾಮ್, 14 ಇಂಚಿನ ಸ್ನೇರ್. ರೋಚ್ ಟಾಮ್‌ಗಳನ್ನು ಏರು ಸ್ಥಾಯಿಗೆ ಬಿಗಿ ಮಾಡುತ್ತಿದ್ದರು. ಮೃದಂಗದ ಹಾಗೆ ಹಾಡುಗಾರರ ಷಡ್ಜಕ್ಕೆ ಕೂಡಿಸುವುದಿಲ್ಲ, ಡ್ರಮ್ಮುಗಳನ್ನು ಒಂದಕ್ಕೊಂದು ಹೊಂದಿಸುವುದು. ಮೊದಲು ಎಲ್ಲ ಸ್ಕ್ರೂಗಳನ್ನು ಬೆರಳಿಗೆ ಸಿಗುವಷ್ಟು ಬಿಗಿ ಮಾಡಿ. ಆಮೇಲೆ ಕೀಲಿಯಿಂದ ಎದುರುಬದುರು ಸ್ಕ್ರೂಗಳಿಗೆ ಕಾಲು ಕಾಲು ಸುತ್ತು. ಪ್ರತಿ ಸ್ಕ್ರೂವಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಬೆರಳಲ್ಲಿ ತಟ್ಟಿ ಸುತ್ತಲೂ ಒಂದೇ ಸ್ವರ ಬರುವವರೆಗೆ ಸರಿಪಡಿಸಿ. ಕೆಳಗಿನ ಚರ್ಮ ಮೇಲಿನದ್ದಕ್ಕಿಂತ ಒಂದು ಕೂದಲೆಳೆ ಏರು ಇರಲಿ. ಎರಡು ಟಾಮ್‌ಗಳ ನಡುವೆ ಸ-ಮದಷ್ಟು ಅಂತರ ಬಂದರೆ ಸಾಕು. ಸ-ರಿಯಷ್ಟೇ ಇದ್ದರೆ ಕೇಳುವವರಿಗೆ ಎರಡೂ ಒಂದೇ ಡ್ರಮ್, ಧಾಟಿ ಸತ್ತುಹೋಗುತ್ತದೆ. ಬೇಸ್ ಡ್ರಮ್ಮಿನೊಳಗೆ ದಿಂಬು ತುರುಕಬೇಡಿ; ಈ ತುಣುಕಿನಲ್ಲಿ ಅದು ಗುದ್ದುವ ವಸ್ತುವಲ್ಲ, ಮಂದ್ರದ ಸ್ವರ. ಸ್ನೇರಿನ ಅಡಿಯ ತಂತಿಯನ್ನು ಸಡಿಲಿಸಿ ನೋಡಿ. ಸಡಿಲಿಸಿದರೆ ಅದೂ ಒಂದು ಟಾಮ್ ಆಗುತ್ತದೆ. ಬಿಗಿ ಇದ್ದರೆ ಪಕ್ಕದ ಡ್ರಮ್ ಹೊಡೆದಾಗಲೆಲ್ಲ ಕರಕರ ಎನ್ನುತ್ತದೆ.

ಕಾಲಿನ ಕೆಲಸ: ಒಂದಕ್ಕೆ ಬೇಸ್ ಡ್ರಮ್, ಎರಡು ಮತ್ತು ಮೂರಕ್ಕೆ ಹೈ-ಹ್ಯಾಟ್. ನಿಮಿಷಕ್ಕೆ 80ರಲ್ಲಿ ಶುರುಮಾಡಿ, ಐದು ನಿಮಿಷ ಕೈ ಮುಟ್ಟಬೇಡಿ. ಮೊದಲ ದೋಷ ಇಲ್ಲೇ ಕಾಣುತ್ತದೆ: ಎರಡನೆಯ ‘ಚಿಕ್’ ಮೊದಲಿನಷ್ಟು ಸ್ಪಷ್ಟವಿರುವುದಿಲ್ಲ, ‘ಚಿಕ್, ಷ್’ ಎನ್ನುತ್ತದೆ. ಎರಡು ಮುಚ್ಚುವಿಕೆಗಳ ನಡುವೆ ಪಾದ ಪೂರ್ತಿ ಏಳದೆ ಸಿಂಬಲ್ಲುಗಳು ಬಿಡಿಸಿಕೊಂಡಿಲ್ಲ ಎಂದರ್ಥ. ಎರಡು ಸಿಂಬಲ್ಲುಗಳ ನಡುವೆ ಸುಮಾರು ಎರಡು ಬೆರಳಿನ ಜಾಗ ಬಿಟ್ಟು ಕ್ಲಚ್ (ಮೇಲಿನ ಸಿಂಬಲ್ಲನ್ನು ಹಿಡಿದಿಡುವ ತಿರುಪು) ಬಿಗಿ ಮಾಡಿ, ಹಿಮ್ಮಡಿ ಎತ್ತಿ ಆಡಿಸಿ ನೋಡಿ. ಮೊಣಕಾಲಿನ ಕೆಳಗೆ ಮುಂಭಾಗ ಉರಿಯತೊಡಗಿದರೆ ಸ್ಟೂಲು ತಗ್ಗಿದೆ, ಎತ್ತರಿಸಿಕೊಳ್ಳಿ. ಬಲಗಾಲಿನ ಬೀಟರ್ ಚರ್ಮಕ್ಕೆ ಒತ್ತಿ ನಿಲ್ಲಬಾರದು, ತಾಗಿ ಹಿಂದೆ ಬರಬೇಕು.

ಆಮೇಲೆ ಬಲಗೈ, ಮೂರೂ ಬೀಟಿಗೆ ಒಂದೊಂದು. ಆಮೇಲೆ ಎಡಗೈ, ಎರಡನೆಯ ಬೀಟಿಗೆ ಮಾತ್ರ. ಇಲ್ಲಿ ನಿಮ್ಮ ಎಡಗಾಲು ಎಡಗೈಗಾಗಿ ಕಾಯುತ್ತದೆ. ಒಂದೇ ಮಗ್ಗುಲಿನ ಕೈಕಾಲುಗಳಿಗೆ ಜೊತೆಗೆ ಹೋಗುವ ಚಟ. ಎರಡೂ ಒಟ್ಟಿಗೆ ಬಿದ್ದರೆ ಒಂದೇ ಸದ್ದು, ಬಿಡಿಬಿಡಿ ಬಿದ್ದರೆ ‘ಟ್ಟಕ್’ ಎಂದು ಒಡೆದ ಸದ್ದು. ಕಿವಿಗೊಟ್ಟು ಕೇಳಿದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯ ಹಂತದಲ್ಲಿ ಎರಡು ಬಾರಿನ ಒಂದು ಪ್ರಶ್ನೆ, ಎರಡು ಬಾರಿನ ಒಂದು ಉತ್ತರ. ಉತ್ತರ ಪ್ರಶ್ನೆಯ ಹೊಡೆತಗಳಿಂದಲೇ ಆಗಿರಲಿ, ಡ್ರಮ್ ಮಾತ್ರ ಬದಲಾಗಲಿ. ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟ: ನಾಲ್ಕು ಬಾರ್ ಕೈ ಎತ್ತಿ ಸುಮ್ಮನೆ ಕೂರುವುದು, ಕಾಲು ಮಾತ್ರ ನಡೆಯಲಿ. ರೋಚ್ ಆ ಜಾಗವನ್ನು ಧೈರ್ಯವಾಗಿ ಬಿಡುತ್ತಾರೆ. ಬಿಟ್ಟ ಜಾಗದಲ್ಲಿ ಕೇಳುಗ ಹಿಂದಿನ ಪ್ರಶ್ನೆಯನ್ನು ತಾನೇ ಇನ್ನೊಮ್ಮೆ ಹೇಳಿಕೊಳ್ಳುತ್ತಾನೆ. ವೇಗದ ಹುಡುಗರು ಈ ತುಣುಕನ್ನು ಬಾರಿಸಿ ಕೆಡಿಸುವುದು ಇಲ್ಲೇ, ಜಾಗ ಕಂಡಲ್ಲೆಲ್ಲ ಉರುಳು ಹಾಕಿ ತುಂಬುತ್ತಾರೆ.

1970ರಲ್ಲಿ ರೋಚ್ ‘ಎಂಬೂಮ್’ ಕಟ್ಟಿದರು. ತಂಡದಲ್ಲಿ ಎಲ್ಲರೂ ಡ್ರಮ್ಮರ್‌ಗಳೇ. ರಾಯ್ ಬ್ರೂಕ್ಸ್, ಜೋ ಚೇಂಬರ್ಸ್, ವಾರೆನ್ ಸ್ಮಿತ್, ಫ್ರೆಡ್ಡಿ ವೇಟ್ಸ್ ಮೊದಲಾದವರು. ಡ್ರಮ್ ಸೆಟ್ಟಿನ ಜೊತೆಗೆ ಸ್ವರದ ಪಟ್ಟಿಗಳ ಮೇಲೆ ಬಾರಿಸುವ ಮರಿಂಬಾ, ವೈಬ್ರಾಫೋನ್, ಸ್ವರಕ್ಕೆ ಕೂಡಿಸುವ ಟಿಂಪನಿ ಡ್ರಮ್ಮುಗಳು, ಗಂಟೆಗಳು. ಸ್ವರ ಬೇಕಾದರೆ ಪಿಯಾನೋದವರನ್ನು ಕರೆಯುವಂತಿಲ್ಲ, ಡ್ರಮ್ಮರ್‌ಗಳೇ ಸುತ್ತಿಗೆ ಹಿಡಿದು ಕಲಿಯಬೇಕು. ನಮ್ಮ ತಾಳವಾದ್ಯ ಕಚೇರಿಯಲ್ಲೂ ಧಾಟಿಗೆ ಒಂದು ಪಿಟೀಲು ಇಟ್ಟುಕೊಳ್ಳುತ್ತೇವೆ. ಇವರು ಅದನ್ನೂ ಬಿಟ್ಟರು.

ಎರಡು ವರ್ಷಕ್ಕೆ, 1972ರಲ್ಲಿ, ಆ್ಯಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಅವರನ್ನು ಪ್ರೊಫೆಸರ್ ಮಾಡಿತು. ಸ್ಯಾಕ್ಸೋಫೋನ್‌ನ ಆರ್ಚಿ ಶೆಪ್ ಆಗಲೇ ಅಲ್ಲಿ ಪಾಠ ಹೇಳುತ್ತಿದ್ದರು. ನಾಗರಿಕ ಹಕ್ಕುಗಳ ಹೋರಾಟದ ಬಿಸಿಗೆ ಅಮೆರಿಕದ ವಿಶ್ವವಿದ್ಯಾಲಯಗಳು ಕರಿಯರ ಚರಿತ್ರೆಗೂ ಕಲೆಗೂ ಬಾಗಿಲು ತೆರೆಯುತ್ತಿದ್ದ ಕಾಲ. ಸುಮಾರು ಅದೇ ವರ್ಷಗಳಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡ್ರಮ್ಮರ್ ಎಡ್ ಬ್ಲ್ಯಾಕ್‌ವೆಲ್ ಕಲಿಸತೊಡಗಿದ್ದರು. ಅಲ್ಲಿ ಮೃದಂಗದ ಟಿ. ರಂಗನಾಥನ್ 1963ರಲ್ಲೇ ಬಂದು ಕೂತಾಗಿತ್ತು. ರೋಚ್ ಆ್ಯಮ್‌ಹರ್ಸ್ಟ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು. 1982ರಲ್ಲಿ ಶುರುವಾದ ‘ಜಾಝ್ ಇನ್ ಜುಲೈ’ ಬೇಸಿಗೆ ಶಿಬಿರದ ಆರಂಭದಲ್ಲೂ ಅವರ ಕೈಯಿದೆ. ಶಿಬಿರದ ಹೆಸರಿನಲ್ಲಿರುವ ‘ಜಾಝ್’ ಎಂಬ ಪದ ಮಾತ್ರ ಅವರಿಗೆ ಎಂದೂ ಹಿಡಿಸಲಿಲ್ಲ; ಅದು ಹೊರಗಿನವರು ಅಂಟಿಸಿದ ಚೀಟಿ ಎನ್ನುತ್ತಿದ್ದರು.

ಪ್ರೊಫೆಸರ್ ಕೆಲಸ ಕೊಟ್ಟ ದೊಡ್ಡ ಲಾಭ ನನ್ನ ಪ್ರಕಾರ ಸಂಬಳದ ನೆಮ್ಮದಿ. ಕ್ಲಬ್ ಮಾಲೀಕರು ಕೇಳಿದ್ದನ್ನೇ ಬಾರಿಸಬೇಕಾದ ದರ್ದು ಹೋಯಿತು. ಆಂಥನಿ ಬ್ರ್ಯಾಕ್ಸ್ಟನ್ ಜೊತೆ ಬರೀ ಸ್ಯಾಕ್ಸೋಫೋನ್-ಡ್ರಮ್. 1979ರ ಡಿಸೆಂಬರ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೆಸಿಲ್ ಟೇಲರ್ ಜೊತೆ ಬರೀ ಪಿಯಾನೋ-ಡ್ರಮ್. ಮಗಳು ಮ್ಯಾಕ್ಸೀನ್ ವಯೋಲಾ ಹಿಡಿದ ತಂತಿವಾದ್ಯದ ನಾಲ್ವರೊಂದಿಗೆ ತಮ್ಮ ನಾಲ್ವರ ತಂಡವನ್ನು ಸೇರಿಸಿ ‘ಡಬಲ್ ಕ್ವಾರ್ಟೆಟ್’. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ಧ್ವನಿಮುದ್ರಣಕ್ಕೆ ಡ್ರಮ್ ಬಾರಿಸಿದ್ದೂ ಈ ಕಾಲದಲ್ಲೇ, 1981ರಲ್ಲಿ. ಮಾತಿನ ಮಾತ್ರೆಗಳನ್ನು ಡ್ರಮ್ ಹೇಗೆ ಹಿಡಿಯುತ್ತದೆ, ಎಲ್ಲಿ ಹಿಡಿಯದೆ ಬಿಡುತ್ತದೆ ಎಂಬುದಕ್ಕಾಗಿ ಕೇಳಿ. 1988ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ತೀರಿಕೊಂಡದ್ದು 2007ರ ಆಗಸ್ಟ್ 16ರಂದು, ನ್ಯೂಯಾರ್ಕಿನಲ್ಲಿ.

ಮನೆಗೆ ಹೋಗಿ ಒಂದೇ ಒಂದನ್ನು ಹುಡುಕಿ ನೋಡುವುದಾದರೆ, ಹಿರಿಯ ಡ್ರಮ್ಮರ್ ಜೋ ಜೋನ್ಸ್ ಅವರನ್ನು ನೆನೆದು ರೋಚ್ ವೇದಿಕೆಯ ಮೇಲೆ ಮಾಡುತ್ತಿದ್ದ ಹೈ-ಹ್ಯಾಟ್ ಸೋಲೋದ ವಿಡಿಯೋ ನೋಡಿ. ಇಡೀ ಡ್ರಮ್ ಸೆಟ್ ಬದಿಗೆ. ಒಂದು ಕಂಬ, ಎರಡು ಸಿಂಬಲ್, ಎರಡು ಕಡ್ಡಿ. ಅಂಚಿಗೆ ಹೊಡೆದರೆ ಒಂದು ಸದ್ದು, ನಡುವಿನ ಗುಬುಟಿಗೆ ಇನ್ನೊಂದು, ಕಂಬಕ್ಕೆ ತಾಗಿಸಿದರೆ ಮತ್ತೊಂದು. ಮುಚ್ಚುವುದು, ಅರ್ಧ ಬಿಡುವುದು, ಪೂರ್ತಿ ಬಿಡುವುದು. ಹಾಡು ಅದರಲ್ಲೇ. ನೋಡುವಾಗ ಕಣ್ಣು ತಾನಾಗಿ ಕೈಗಳ ಮೇಲೆ ಹೋಗುತ್ತದೆ. ಕೆಳಗೆ ಪೆಡಲ್ ಮೇಲಿರುವ ಪಾದವನ್ನು ನೋಡಿ.